ಚಪ್ಪಲಿ ಕಾಯಲು ಒಬ್ಬರು

ಬ್ಯಾಂಕಾಕಿಗೆ ಬರುತ್ತೇನೆಂದು ಅವ್ವ ಒಪ್ಪಿಕೊಂಡದ್ದು ಒಂದೇ ಒಂದು ಕಾರಣಕ್ಕೆ.

"ನೀವಿಬ್ಬರೂ ಗುಡಿ ಒಳಗ ಹೋದ್ರ ಚಪ್ಪಲಿ ಯಾರು ಕಾಯಬೇಕು? ಗೊತ್ತಿಲ್ಲದ ಊರು, ಗೊತ್ತಿಲ್ಲದ ಮಂದಿ. ತಡಿ, ನಾನೂ ಬರ್ತೀನಿ" ಅಂದಳು.

ಮೂರು ತಿಂಗಳಿಂದ ನಾನೂ ನನ್ನ ಮಗಳೂ ತೋರಿಸದ ಆಸೆಯಿಲ್ಲ, ಹಿಡಿಯದ ಗಲ್ಲವಿಲ್ಲ. ಯಾವುದಕ್ಕೂ ಜಗ್ಗದ ಹೆಂಗಸು ಚಪ್ಪಲಿಗೆ ಜಗ್ಗಿದಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗಬಾರದಿತ್ತು ಎಂದು ತಿಳಿಯಲು ನನಗೆ ಇನ್ನೂ ಎರಡು ತಿಂಗಳು ಬೇಕಾಯಿತು. ಆ ದಿನವಂತೂ ಮನಸ್ಸು ಬದಲಾದೀತೆಂದು ಹೆದರಿ ಮಗಳು ಕೂತ ಜಾಗದಲ್ಲೇ ಅಜ್ಜಿಯ ಪಾಸ್‌ಪೋರ್ಟಿನ ಅರ್ಜಿ ತುಂಬಿದಳು.

ಅವ್ವನಿಗೆ ಈಗ ಎಪ್ಪತ್ತಾರು. ಗದಗದ ಕಡೆಯವಳು. ರೈಲ್ವೆಯಲ್ಲಿದ್ದ ಅಪ್ಪನಿಗೆ ಮದ್ರಾಸಿಗೆ ವರ್ಗವಾದಾಗ ಆರು ವರ್ಷದ ನನ್ನನ್ನೂ ಒಂಬತ್ತು ವರ್ಷದ ಅಣ್ಣನನ್ನೂ ಕಟ್ಟಿಕೊಂಡು ಬಂದು ವಡಪಳನಿಯಲ್ಲಿ ಸಂಸಾರ ಹೂಡಿದವಳು, ಊರಿನ ಹೆಸರು ಚೆನ್ನೈ ಆದರೂ ಮನೆ ಬದಲಾಯಿಸಲಿಲ್ಲ. ಮಾತೂ ಬದಲಾಗಲಿಲ್ಲ, ಗದಗದ ಕನ್ನಡಕ್ಕೆ ಅಲ್ಲಲ್ಲಿ ತಮಿಳಿನ ಒಗ್ಗರಣೆ ಬಿತ್ತು, ಅಷ್ಟೇ. ನುಂಗಂಬಾಕ್ಕಂನ ವಿಮಾ ಕಚೇರಿಯಲ್ಲಿ ದಿನವಿಡೀ ತಮಿಳು ಇಂಗ್ಲಿಷ್ ಆಡುವ ನನ್ನದು ಎಲ್ಲೂ ಸಲ್ಲದ ಕನ್ನಡ. ಪೆರುಂಗುಡಿಯಲ್ಲಿ ಕೆಲಸ ಮಾಡುವ ನನ್ನ ಮಗಳಿಗೆ ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಅಪ್ಪ ತೀರಿಕೊಂಡು ಎಂಟು ವರ್ಷವಾಯಿತು. ನನ್ನ ಗಂಡ ವಿಮಾನ ಅಂದರೆ ಹೆದರುವ ಮನುಷ್ಯ, ಮನೆ ನೋಡಿಕೊಳ್ಳುತ್ತೇನೆ ಎಂದು ಮೊದಲೇ ಕೈ ತೊಳೆದುಕೊಂಡಿದ್ದ.

ಬ್ಯಾಂಕಾಕೇ ಯಾಕೆಂದರೆ ಅದಕ್ಕೂ ಅವ್ವನೇ ಕಾರಣ. ನನ್ನ ಕಚೇರಿಗೆ ಯಾರೋ ಕೊಟ್ಟ ಕ್ಯಾಲೆಂಡರಿನಲ್ಲಿ ಅಲ್ಲಿಯ ಮಲಗಿದ ಬುದ್ಧನ ಚಿತ್ರವಿತ್ತು. ಇಡೀ ಗುಡಿಯ ಉದ್ದಕ್ಕೂ ಬಂಗಾರದ ಬಣ್ಣದಲ್ಲಿ, ಕೈ ಮೇಲೆ ತಲೆಯಿಟ್ಟು ಮಲಗಿದ್ದಾನೆ. ತಿಂಗಳು ಮುಗಿದರೂ ಅವ್ವ ಆ ಹಾಳೆ ಮಗುಚಲು ಬಿಡಲಿಲ್ಲ. ಒಂದು ದಿನ ಕನ್ನಡಕ ಏರಿಸಿಕೊಂಡು ಹತ್ತಿರ ಹೋಗಿ ಅವನ ಪಾದ ನೋಡಿದಳು. "ಅಂಗಾಲು ಎಷ್ಟು ಸ್ವಚ್ಛ ಅದಾವ ನೋಡು. ಎಷ್ಟು ನಿಶ್ಚಿಂತಿಯಿಂದ ಮಲಗ್ಯಾನ. ಅವನ ಚಪ್ಪಲಿ ಯಾರೋ ಹೊರಗ ಕಾಯಾಕ ಕುಂತಿರಬೇಕು" ಅಂದಳು. ಅದು ಅವಳ ತಮಾಷೆ ಅಂದುಕೊಂಡು ನಾನು ಆಫೀಸಿಗೆ ಓಡಿದೆ. ಮಗಳು ಮಾತ್ರ ಕೇಳಿಸಿಕೊಂಡಿದ್ದಳು. ಅಜ್ಜಿಗೆ ಅದನ್ನು ತೋರಿಸೋಣ ಎಂದು ಅವಳೇ ಶುರುಮಾಡಿದಳು. ಅವ್ವನ ಮೊಣಕಾಲು ನೋಡುವ ಡಾಕ್ಟರೂ, ಹೋಗುವುದಿದ್ದರೆ ಈ ವರ್ಷವೇ ಹೋಗಿಬಿಡಿ, ಮುಂದಿನ ವರ್ಷದ ಮಾತು ನಾನು ಹೇಳಲಾರೆ ಅಂದಿದ್ದರು.

ಪಾಸ್‌ಪೋರ್ಟು ಕೈಗೆ ಬಂದ ಮೇಲೆ ಭಾನುವಾರಗಳ ಸಭೆ ಆರಂಭವಾಯಿತು. ಬೆಳಗಿನ ಉಪ್ಪಿಟ್ಟಾದ ಮೇಲೆ ಊಟದ ಮೇಜಿನ ಸುತ್ತ ನಾವು ಮೂವರು. ಮಗಳು ಲ್ಯಾಪ್‌ಟಾಪಿನಲ್ಲಿ ನಾಲ್ಕು ದಿನಗಳನ್ನು ಬಣ್ಣಬಣ್ಣದ ಚೌಕಗಳಾಗಿ ಕೊಯ್ದಿಟ್ಟಿದ್ದಳು. ಒಂದು ಚೌಕದಲ್ಲಿ ನದಿಯ ದೋಣಿ, ಇನ್ನೊಂದರಲ್ಲಿ ಅರಮನೆ, ಮತ್ತೊಂದರಲ್ಲಿ ನೀರಿನ ಮೇಲೆ ನಡೆಯುವ ಸಂತೆ. ಅವ್ವ ಅಡುಗೆ ಬರೆದಿಡುವ ನೋಟುಬುಕ್ಕನ್ನು ಹಿಂದಿನಿಂದ ಮಗುಚಿ ತನ್ನದೇ ಪಟ್ಟಿ ಮಾಡುತ್ತಿದ್ದಳು. ಕಟಕ ರೊಟ್ಟಿ ಮೂವತ್ತು, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಗಟ್ಟಿ ವಿಭೂತಿ.

ವಿಭೂತಿಗೆ ಮಗಳು ತಕರಾರು ತೆಗೆದಳು. ಬಿಳಿ ಪುಡಿ ಕಂಡರೆ ವಿಮಾನ ನಿಲ್ದಾಣದಲ್ಲಿ ಹಿಡಿದು ಕೂರಿಸುತ್ತಾರೆ ಎಂದು. ಅವ್ವನ ಕೊರಳಲ್ಲಿ ಬೆಳ್ಳಿಯ ಕರಡಿಗೆಯಿದೆ, ಅದರೊಳಗೆ ಅವಳ ಇಷ್ಟಲಿಂಗ. ಬೆಳಿಗ್ಗೆ ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ನೀರು ಸೋಕಿಸುವವಳಲ್ಲ. "ಹಿಡೀಲಿ. ಹಣಿಗೆ ಹಚ್ಚಿ ತೋರಿಸ್ತೀನಿ. ಬೇಕಾದ್ರ ಅವರಿಗೂ ಹಚ್ತೀನಿ" ಅಂದಳು. ಆ ವಾದ ಅಲ್ಲಿಗೆ ಮುಗಿಯಿತು.

ಆದರೆ ಪ್ರತಿ ಜಾಗದ ಬಗ್ಗೆಯೂ ಅವ್ವ ಕೇಳುತ್ತಿದ್ದ ಪ್ರಶ್ನೆ ವಿಚಿತ್ರವಾಗಿತ್ತು. ಮಗಳು ಗೋಪುರ ತೋರಿಸಿದರೆ ಅವ್ವ ಬಾಗಿಲು ತೋರಿಸು ಅನ್ನುವಳು. "ಹೊರಗ ನೆರಳು ಅದ ಏನು? ಕುಂದರಾಕ ಕಟ್ಟಿ? ಅಗೋ, ಅಲ್ಲಿ ಒಂದು ಮರ ಕಾಣಸ್ತದ, ಅದರ ಬುಡಕ್ಕ ಬಿಡ್ತಾರೇನು?" ಎಂದು ಕೇಳಿ ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುವಳು. ಅರಮನೆ, ಎಡಕ್ಕೆ ಬೆಂಚು. ನದಿಯಾಚೆಯ ಗುಡಿ, ದೋಣಿಕಟ್ಟೆಯಲ್ಲಿ ನೆರಳು. ಕಾಲುನೋವಿನವರ ಜಾಗ್ರತೆ ಅಂದುಕೊಂಡೆ. ನನಗೆ ಕಣ್ಣಿತ್ತು, ನೋಡಲಿಲ್ಲ.

ಮೂರನೆಯ ಭಾನುವಾರ ಮಲಗಿದ ಬುದ್ಧನ ಸರದಿ ಬಂತು. ಮರುದಿನ ಮಗಳು ರಜೆಗೆ ಅರ್ಜಿ ಹಾಕಬೇಕು, ಅವತ್ತೇ ಟಿಕೆಟ್ಟು ಆಗಬೇಕು. ಹೋಗಿಬಂದವರು ಬರೆದದ್ದನ್ನು ಓದುತ್ತಿದ್ದ ಮಗಳು ಹಿಗ್ಗಿನಿಂದ ತಲೆಯೆತ್ತಿ, "ಅಜ್ಜಿ, ನೋ ಟೆನ್ಶನ್. ಅಂಗೇಯೇ ಪೈ ಕುಡುಪ್ಪಾಂಗ" ಅಂದಳು. ಅಲ್ಲಿ ಬಾಗಿಲಲ್ಲೇ ಒಂದೊಂದು ಚೀಲ ಕೊಡುತ್ತಾರಂತೆ. ನಮ್ಮ ಚಪ್ಪಲಿ ನಾವೇ ಅದರಲ್ಲಿ ಹಾಕಿಕೊಂಡು ಕೈಯಲ್ಲೇ ಹಿಡಿದು ಒಳಗೆ ಹೋಗಬಹುದಂತೆ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ನೋಡಿದ್ಯಾ ಅವ್ವ, ನಿನ್ನ ಕೆಲಸಾನೇ ಹೋಯ್ತು. ಅಲ್ಲಿ ಚಪ್ಪಲಿ ಕಾಯೋರು ಬೇಕಾಗಿಲ್ಲ" ಅಂದುಬಿಟ್ಟೆ.

ಅವ್ವ ಪೆನ್ನಿಗೆ ಟೋಪಿ ಹಾಕಿದಳು. ನೋಟುಬುಕ್ಕು ಮುಚ್ಚಿದಳು. "ಹಂಗಾದ್ರ ನಾ ಯಾಕ? ಮೊಣಕಾಲು ಬ್ಯಾರೆ ಕೇಳಂಗಿಲ್ಲ. ನೀವಿಬ್ಬರೂ ಹೋಗ್ಬರ್ರಿ" ಅಂದು ಒಳಗೆ ಹೋಗಿ ಸೊಪ್ಪು ಬಿಡಿಸುತ್ತ ಕೂತಳು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಹಾಗೇ, ಬರುವುದಕ್ಕೆ ಕಾರಣ ಬೇಕಿಲ್ಲ, ಹೋಗುವುದಕ್ಕೆ ಮುಹೂರ್ತ ಬೇಕು. ಪಾಸ್‌ಪೋರ್ಟಿಗೆಂದು ಅವಳನ್ನು ಕರೆದುಕೊಂಡು ಅಲೆದಾಡಿದ್ದು, ರೊಟ್ಟಿಗೆ ಜೋಳದ ಹಿಟ್ಟು ತರಿಸಿದ್ದು, ಎಲ್ಲ ತೆಗೆದು ಅಡುಗೆಮನೆಯ ಬಾಗಿಲಲ್ಲಿ ನಿಂತು ಆಡಿದೆ. ಅವ್ವ ಸೊಪ್ಪಿನಿಂದ ತಲೆಯೆತ್ತಲಿಲ್ಲ. "ನೀ ಒದರಿದ್ರ ನನ್ನ ಕಾಲು ಗಟ್ಟಿ ಆಗ್ತಾವೇನು?" ಅಂದಳು. ವಾಪಸು ಬಂದು ಮಗಳೆದುರು ಕೂತು ದೂರತೊಡಗಿದೆ. ಈ ಅಜ್ಜಿ ಯಾವಾಗಲೂ ಹೀಗೇ, ಎಲ್ಲಿಗೆ ಕರೆದುಕೊಂಡು ಹೋದರೂ ಒಳಗೆ ಬರುವುದಿಲ್ಲ ಅನ್ನುತ್ತಾಳೆ ಎಂದು. ಹಾಗೆ ದೂರುತ್ತ ದೂರುತ್ತಲೇ ನನ್ನ ಬಾಯಿಂದ ಹಳೆಯದೆಲ್ಲ ಬಂತು.

ಅಪ್ಪನಿಗೆ ರೈಲ್ವೆ ಪಾಸಿತ್ತು. ವರ್ಷಕ್ಕೊಮ್ಮೆ ಟ್ರಂಕು, ಹೋಲ್ಡಾಲು, ನೀರಿನ ಹೂಜಿ ಹೊತ್ತು ಹೊರಡುತ್ತಿದ್ದೆವು. ಮಧುರೆ, ರಾಮೇಶ್ವರ, ಶ್ರೀರಂಗ, ತಿರುವಣ್ಣಾಮಲೈ, ಪುರಿ. ಅಪ್ಪನಿಗೂ ಕೊರಳಲ್ಲಿ ಲಿಂಗವಿತ್ತು, ಆದರೆ ಪಾಸಿದ್ದವನು ದೇವರಲ್ಲಿ ಭೇದ ಮಾಡಬಾರದು ಅನ್ನುತ್ತಿದ್ದ. ಮೊದಲ ಪ್ರವಾಸದಲ್ಲೇ ಶ್ರೀರಂಗದ ಗುಡಿಯ ಹೊರಗೆ ಬಿಟ್ಟ ಚಪ್ಪಲಿಗಳು ನಾಲ್ಕು ಜೊತೆಯೂ ಕಾಣೆಯಾದವು. ಮಟಮಟ ಮಧ್ಯಾಹ್ನ, ಕಾದ ರಸ್ತೆಯಲ್ಲಿ ಸ್ಟೇಷನ್ನಿನವರೆಗೆ ನನ್ನನ್ನು ಎತ್ತಿಕೊಂಡು ಅವ್ವ ಬರಿಗಾಲಲ್ಲಿ ನಡೆದಳು. ಅಂದಿನಿಂದ ಅವಳು ಯಾವ ಗುಡಿಯ ಒಳಗೂ ಬರಲಿಲ್ಲ. "ನಮ್ಮ ದೇವರು ನಮ್ಮ ಕೊಳ್ಳಾಗ ಅದಾನ. ನನಗ ಒಳಗೇನು ಕೆಲಸ? ನೀವು ಹೋಗ್ಬರ್ರಿ, ಚಪ್ಪಲಿ ನಾ ನೋಡ್ತೀನಿ" ಅನ್ನುವಳು. ಲಿಂಗ ಕಟ್ಟಿದವರ ನೇಮವಿರಬೇಕೆಂದು ಯಾರೂ ಎದುರಾಡಲಿಲ್ಲ. ಟ್ರಂಕಿನ ಮೇಲೆ ಕೂತು, ಎದುರಿಗೆ ನಮ್ಮ ಚಪ್ಪಲಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿಕೊಂಡು, ಬಿಸಿಲು ಬಂದರೆ ಅವುಗಳ ಮೇಲೂ ಸೆರಗು ಹೊದಿಸಿ ಕಾಯುತ್ತಿದ್ದಳು. ಬರಿಗಾಲಲ್ಲಿ ಓಡಿಬಂದು ಕಾಲು ತೂರಿಸಿದರೆ ಚಪ್ಪಲಿ ತಣ್ಣಗಿರುತ್ತಿತ್ತು.

ಆಮೇಲೆ ರೊಟ್ಟಿಯ ಗಂಟು ಬಿಚ್ಚುತ್ತ ಕೇಳುವಳು, "ಒಳಗ ಏನಿತ್ತು? ಹೇಳು." ಅಣ್ಣ ರೊಟ್ಟಿ ಕಸಿದುಕೊಂಡು ಓಡುವನು. ಸಿಕ್ಕಿಬೀಳುವವಳು ನಾನು. ಕಂಬ ಎಷ್ಟು, ದೀಪ ಎಂಥದು, ದೇವರಿಗೆ ಯಾವ ಬಣ್ಣದ ಸೀರೆ, ಎಲ್ಲ ಒಪ್ಪಿಸಬೇಕು. ಬೇಸರ ಬಂದು ನಾನು ಇಲ್ಲದ್ದನ್ನೂ ಸೇರಿಸಲು ಕಲಿತೆ. ನಮ್ಮ ವಡಪಳನಿಯ ಮುರುಗನ ಗುಡಿಗೆ ಅಪ್ಪನ ಜೊತೆ ಹೋದಾಗಲೂ ಅವ್ವ ಹೊರಗೆ ಹೂವಿನವಳ ಪಕ್ಕ ಕೂರುತ್ತಿದ್ದಳು, ಅಲ್ಲೂ ಇದೇ ಪ್ರಶ್ನೆ. ಒಂದು ದಿನ, ಗರ್ಭಗುಡಿಯ ಹಿಂದೆ ಒಂದು ಸಣ್ಣ ಕಲ್ಲಿನ ನವಿಲಿದೆ, ಅದಕ್ಕೆ ಕಾಲು ಮುರಿದಿದೆ, ಯಾರೋ ಅರಿಶಿನದ ಬಟ್ಟೆ ಕಟ್ಟಿದ್ದಾರೆ ಅಂದೆ. ನನಗಾಗ ಏಳೋ ಎಂಟೋ. ಅವ್ವನ ಮುಖ ಕರಗಿತು. ಮುಂದಿನ ಸಲ ಹೋಗುವಾಗ ಹಳೆಯ ಸೀರೆಯ ಅಂಚು ಹರಿದು, ಅರಿಶಿನದಲ್ಲಿ ಅದ್ದಿ ಒಣಗಿಸಿ, ನನ್ನ ಕೈಗಿಟ್ಟಳು. "ಹಳೇದು ಬಿಚ್ಚಿ ಇದನ್ನ ಕಟ್ಟಿ ಬಾ. ಪಾಪ" ಅಂದಳು. ನಾನು ಅದನ್ನು ಒಳಗಿನ ಮರದ ಕೊಂಬೆಗೆ ಸುತ್ತಿ ಬಂದೆ. ಹೀಗೆ ನಾನು ಹೈಸ್ಕೂಲು ಸೇರುವವರೆಗೆ ಎಷ್ಟು ಸಲ ನಡೆಯಿತೋ ನೆನಪಿಲ್ಲ. ಆಮೇಲೆ ಮರೆತೇಹೋಯಿತು.

ಮಗಳು ಲ್ಯಾಪ್‌ಟಾಪ್ ಮುಚ್ಚಿ ನನ್ನನ್ನೇ ನೋಡುತ್ತಿದ್ದಳು. ಎದ್ದುಹೋಗಿ ಕಪಾಟಿನಿಂದ ಹಳೆಯ ಆಲ್ಬಮ್ ತಂದಳು. ಪ್ರತಿ ಊರಿನಲ್ಲೂ ಅಪ್ಪ, ಅಣ್ಣ, ನಾನು. ಒಂದೇ ಒಂದರಲ್ಲಿ ಅವ್ವ ಇದ್ದಳು. ಗೋಪುರ ಪೂರ್ತಿ ಹಿಡಿಯಲೆಂದು ಅಪ್ಪ ಹಿಂದೆ ಹಿಂದೆ ಸರಿದು ತೆಗೆದ ಫೋಟೋ. ಅದರ ಬುಡದಲ್ಲಿ ಕಡಲೆಕಾಳಿನಷ್ಟು ಅವ್ವ, ಟ್ರಂಕಿನ ಮೇಲೆ. ಮಗಳು ಅದರ ಮೇಲೆ ಬೆರಳಿಟ್ಟು, "ನೀ ಒರು ತಡವೆ ಕೂಡ ಕೇಟ್ಟದಿಲ್ಲಿಯಾ, ಅಮ್ಮಾ?" ಅಂದಳು. ಒಂದು ಸಲವಾದರೂ ಕೇಳಲಿಲ್ಲವಾ ಎಂದು.

ಇಲ್ಲ, ಕೇಳಿರಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನಾಚಿಕೆಯಾಯಿತು. ಈ ದೇಶದ ಅರ್ಧ ಗುಡಿಗಳನ್ನು ನಾನು ನೋಡಿದ್ದೇನೆ. ಎಲ್ಲದರೊಳಗೂ ಬರಿಗಾಲಲ್ಲಿ ಹೋಗಿದ್ದೇನೆ, ಶ್ರೀರಂಗದ ಆ ಒಂದು ದಿನ ಬಿಟ್ಟರೆ ಒಂದು ಸಲವೂ ಬರಿಗಾಲಲ್ಲಿ ಹೊರಬಿದ್ದಿಲ್ಲ. ಆ ದಿನವೂ ನೆಲ ತುಳಿದದ್ದು ನನ್ನ ಕಾಲಲ್ಲ.

ಟಿಕೆಟ್ಟು ಮಧ್ಯಾಹ್ನದವರೆಗೆ ತಡೆದಿಡು ಎಂದು ಮಗಳಿಗೆ ಹೇಳಿ ಅವ್ವನ ಬಳಿ ಹೋದೆ. ಗುಡಿಗೆ ಹೋಗಿ ಬರೋಣ ಬಾ ಅಂದೆ. ಜಗಳವಾದ ಮೇಲೆ ಗುಡಿಗೆ ಕರೆಯುವುದು ನಮ್ಮ ಮನೆಯಲ್ಲಿ ತಪ್ಪಾಯಿತು ಅನ್ನುವ ರೀತಿ. ಅವ್ವ ಕೈ ತೊಳೆದಳು, ಒಳಗೆ ಹೋಗಿ ಸ್ವಲ್ಪ ಹೊತ್ತು ಏನೋ ಹುಡುಕಾಡಿದಳು, ಸೀರೆ ಬದಲಿಸಿ ಕೈಚೀಲ ಹಿಡಿದು ಬಂದಳು. ಹತ್ತು ನಿಮಿಷದ ದಾರಿಗೆ ಅವಳ ಮೊಣಕಾಲಿಗೆ ಇಪ್ಪತ್ತೈದು ನಿಮಿಷ ಬೇಕಾಯಿತು.

ಗುಡಿಯ ಬಾಗಿಲಿಗೆ ಬಂದೊಡನೆ ಅವ್ವ ಅಭ್ಯಾಸದಂತೆ ಹೂವಿನವಳ ಪಕ್ಕದ ಕಟ್ಟೆಯತ್ತ ತಿರುಗಿದಳು. ನಾನು ಅವಳಿಗಿಂತ ಮೊದಲು ಹೋಗಿ ಅಲ್ಲಿ ಕೂತುಬಿಟ್ಟೆ.

"ಇವತ್ತು ನಾನು ಕೂತ್ಕೋತೀನಿ. ನೀನು ಹೋಗಿ ಬಾ ಅವ್ವ. ನಿನ್ನ ಚಪ್ಪಲಿ ನಾನು ನೋಡ್ಕೋತೀನಿ."

ಅವ್ವ ನಿಂತೇ ಇದ್ದಳು. ನಾನು ಸೋತ ದನಿಯಲ್ಲಿ, "ಲಿಂಗ ಕಟ್ಟಿದೋರು ಹೋಗಬಾರದು ಅಂತ ನೇಮ ಇದ್ರೆ ಬೇಡ" ಅಂದೆ.

"ನಿಮ್ಮಪ್ಪನ ಕೊಳ್ಳಾಗೂ ಲಿಂಗ ಇತ್ತು, ಅವರು ಹೋಗ್ತಿರಲಿಲ್ಲೇನು?" ಅಂದಳು ಅವ್ವ. "ಯಾರರ ಒಬ್ಬರು ಹೊರಗ ಕುಂದರಬೇಕಿತ್ತು. ನನಗೂ ನೋಡೋ ಆಸೆ ಅದ ಅಂದಿದ್ರ ನಿಮಗ ಒಳಗ ಸಮಾಧಾನ ಇರ್ತಿತ್ತೇನು? ಅದಕ್ಕ ಹಂಗ ಹೇಳಿದೆ." ಕೈಚೀಲ ಕಟ್ಟೆಯ ಮೇಲಿಟ್ಟು, "ನೀ ಹೋಗು, ನಾ ಕುಂದರ್ತೀನಿ ಅಂತ ಯಾರೂ ಅನ್ನಲಿಲ್ಲ ಮಗಳ. ಇವತ್ತ ನೀ ಅಂದಿ" ಅಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಅವ್ವ ಚಪ್ಪಲಿ ಕಳಚಿ, ನನ್ನ ಮುಂದೆ ನೇರವಾಗಿ ಜೋಡಿಸಿಟ್ಟು, ಕೈಚೀಲ ಹಿಡಿದು ಒಳಗೆ ಹೋದಳು.

ಕಾಯುವುದು ಏನೆಂದು ಆಗ ಗೊತ್ತಾಯಿತು. ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಕಟ್ಟೆಯ ಕಲ್ಲು ಸುಡುತ್ತಿತ್ತು. ಹತ್ತು ನಿಮಿಷಕ್ಕೆ ಬೆನ್ನು ನೋಯಿತು, ಇಪ್ಪತ್ತಕ್ಕೆ ಬಾಯಾರಿತು. ಅವ್ವನ ಚಪ್ಪಲಿಯ ಮೇಲೆ ಬಿಸಿಲು ಬಂತು, ದುಪ್ಪಟ್ಟಾ ಹೊದಿಸಿದೆ. ಹೋಗುವವರೆಲ್ಲ ಕೈ ಮುಗಿಯುತ್ತ ಒಳಗೆ ಹೋದರು, ಬರುವವರೆಲ್ಲ ಹಣೆಯಲ್ಲಿ ವಿಭೂತಿ ಹೊತ್ತು ಬಂದರು. ಒಳಗೆ ಗಂಟೆ ಮೊಳಗಿತು, ನಾಗಸ್ವರ ಕೇಳಿಸಿತು. ಎಷ್ಟೋ ಸಲ ನೋಡಿದ ಗುಡಿ, ಆದರೂ ಈಗ ಅಲ್ಲೇನು ನಡೆಯುತ್ತಿದೆಯೋ ಎಂದು ಎದ್ದು ಇಣುಕಬೇಕೆನಿಸಿತು. ಹೂವಿನವಳು ನನ್ನ ಕಡೆ ನೋಡಿ, "ಇನ್ನಿಕ್ಕಿ ಅಮ್ಮಾ ಉಳ್ಳೆ ಪೋಯಿಟ್ಟಾಂಗಳಾ?" ಅಂದಳು. ಇವತ್ತು ಅಮ್ಮ ಒಳಗೆ ಹೋದರಾ ಎಂದು ಕೇಳಿ, ನಾನು ಕೇಳದಿದ್ದರೂ ಒಂದು ಮೊಳ ಮಲ್ಲಿಗೆ ಕಟ್ಟಿ ತೆಗೆದಿಟ್ಟಳು.

ಮುಕ್ಕಾಲು ಗಂಟೆಯ ಮೇಲೆ ಅವ್ವ ಹೊರಗೆ ಬಂದಳು. ಮುಖ ಕೆಂಪಾಗಿತ್ತು. ಕೈಯಲ್ಲಿ ಒಂದು ಬಟ್ಟೆಯ ತುಂಡಿತ್ತು. ಹಳೆಯ ಸೀರೆಯ ಅಂಚು, ಅರಿಶಿನ ಇನ್ನೂ ಹಸಿಹಸಿಯಾಗಿ ಬೆರಳಿಗೆಲ್ಲ ಅಂಟಿತ್ತು.

"ಮೂರು ಸುತ್ತು ಹಾಕಿದೆ" ಅಂದಳು. "ಗರ್ಭಗುಡಿ ಹಿಂದ ಪೂರಾ ನೋಡಿದೆ. ನವಿಲು ಇಲ್ಲ. ಒಬ್ಬರು ಅಯ್ಯರ್ ಸಿಕ್ಕರು, ಅವರನ್ನ ಕೇಳಿದೆ. ಪಾಪ, ಅವರೂ ನನ್ನ ಕೂಡ ಒಂದು ಸುತ್ತು ಬಂದು ಹುಡುಕಿದರು. ನಾ ಬರೂಕಿಂತ ಮೊದಲ ಎಂದೋ ತೆಗೆದಿರಬೇಕಮ್ಮ ಅಂದರು. ಕಾಲು ಮುರಿದದ್ದು ಅಂತ ತೆಗದ್ರೋ ಏನೋ."

ನಾನು ಸುಮ್ಮನಿದ್ದುಬಿಡಬಹುದಿತ್ತು; ಆ ಅರ್ಚಕರು ನನ್ನ ಮಾನ ಕಾಪಾಡಿಯಾಗಿತ್ತು. ಆದರೆ ಆ ಹಳದಿ ಬೆರಳುಗಳನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ.

"ನವಿಲು ಇರಲೇ ಇಲ್ಲ ಅವ್ವ. ನಾನು ಸುಳ್ಳು ಹೇಳಿದ್ದೆ. ನೀನು ಕೊಟ್ಟ ಬಟ್ಟೆಯೆಲ್ಲ ಮರಕ್ಕೆ ಕಟ್ಟಿ ಬರ್ತಿದ್ದೆ."

ಅವ್ವ ನನ್ನ ಪಕ್ಕ ಕಟ್ಟೆಯ ಮೇಲೆ ಕೂತಳು. ಬಟ್ಟೆಯ ತುಂಡನ್ನು ಮಡಿಲಲ್ಲಿಟ್ಟು ನಾಲ್ಕು ಮಡಿಕೆ ಮಾಡಿದಳು. ಅತ್ತಾಳು ಎಂದು ನನಗೆ ಭಯ. ಅವಳ ಭುಜ ಅಲುಗಿತು. ನೋಡಿದರೆ ನಗುತ್ತಿದ್ದಾಳೆ, ಕಣ್ಣಲ್ಲಿ ನೀರು ಬರುವಷ್ಟು.

"ಎಲಾ ಇವಳ. ಮೂರು ಸೀರಿ ಅಂಚು ಹರದೀನಿ ಆ ನವಿಲಿಗೆ" ಅಂದಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು. "ಮಧುರ್ಯಾಗ ಕಂಬ ಬಡದ್ರ ಹಾಡ್ತಾವ ಅಂದಿದ್ದಿ. ಅದೂ ಸುಳ್ಳ ಹಂಗಾದ್ರ."

"ಅದು ನಿಜ ಅವ್ವ. ಆಣೆಗೂ ನಿಜ."

"ಯಾರಿಗೆ ಗೊತ್ತು? ನಿನ್ನ ಬಾಯಿ ನಂಬಿ ಇಷ್ಟು ವರ್ಷ ಕುಂತಿದ್ದೆ" ಅಂದಳು. ಹೂವಿನವಳು ಕೊಟ್ಟ ಮಲ್ಲಿಗೆಯನ್ನು ಮುಡಿಗೆ ಸಿಕ್ಕಿಸಿಕೊಂಡಳು. ನಾನು ಅವಳ ಚಪ್ಪಲಿಯ ಮೇಲಿನ ದುಪ್ಪಟ್ಟಾ ತೆಗೆದೆ. ಅವ್ವ ಎರಡೂ ಕಾಲು ತೂರಿಸಿ, ಅಂಗಾಲಿಗೆ ತಂಪು ಹತ್ತಿದ್ದಕ್ಕೋ ಏನೋ, ನನ್ನ ಮುಖ ನೋಡಿದಳು. ನನ್ನ ಭುಜ ಹಿಡಿದು ಎದ್ದಳು.

ಮನೆಯ ತಿರುವಿನವರೆಗೂ ನಾನು ಟಿಕೆಟ್ಟಿನ ಮಾತು ಹೇಗೆ ಎತ್ತಲಿ ಎಂದು ಒದ್ದಾಡುತ್ತಿದ್ದೆ. ಅವ್ವನೇ ನಿಂತಳು.

"ಆ ಮಲಗಿದ ಬುದ್ಧ ಆದ್ರೂ ಅದಾನೋ, ಅವನೂ ನಿನ್ನ ನವಿಲೋ?"

"ಇದ್ದಾನೆ ಅವ್ವ."

"ನಿನ್ನ ಮಗಳಿಗೆ ಮೂರು ಟಿಕೆಟ್ ತಗಿ ಅಂತ ಹೇಳು" ಅಂದಳು ಅವ್ವ. "ನಾನ ಹೋಗಿ, ನೋಡಿ, ಹೇಳ್ತೀನಿ."